ನಂಬಿಕೆ ನಮ್ಮ ಕೈಲಿದೆಯಾ? ಗೆಳೆತನ ಕೆಡದ ಹಾಗೆ ವಾದ ಮಾಡುವುದು ಹೇಗೆ

ನಾನು ದೇವರನ್ನು ನಂಬುವುದಿಲ್ಲ. ನನ್ನ ಗೆಳತಿ ಭಾನುವಾರ ತಪ್ಪಿಸದೆ ಮೈಸೂರಿನ ಅಶೋಕ ರಸ್ತೆಯ ಫಿಲೋಮಿನಾ ಚರ್ಚಿಗೆ ಹೋಗುತ್ತಾಳೆ. ಕುಕ್ಕರಹಳ್ಳಿ ಕೆರೆ ಸುತ್ತ ವಾಕಿಂಗ್ ಮಾಡುವಾಗ ನಮ್ಮದು ಒಂದೇ ಜಗಳ: ನಂಬೋದು, ಬಿಡೋದು ನಮ್ಮ ಇಷ್ಟಾನಾ?

ಅವಳ ಅಮ್ಮ ತೀರಿಕೊಂಡ ತಿಂಗಳಲ್ಲೇ, "ಇಷ್ಟಾದ ಮೇಲೂ ನಂಬ್ತೀಯಲ್ಲೇ, ಬಿಟ್ಟುಬಿಡು" ಅಂದುಬಿಟ್ಟೆ. ಆರು ತಿಂಗಳು ಮಾತು ಬಿಟ್ಟಳು. ಆಮೇಲೆ ಕಲಿತದ್ದು ಇದು.

ಮೊದಲು ಒಂದು ಪರೀಕ್ಷೆ ಮಾಡಿ ನೋಡಿ. "ಈ ಕೆರೆಯಲ್ಲಿ ಹನಿ ನೀರೂ ಇಲ್ಲ ಅಂತ ಐದು ನಿಮಿಷ ನಂಬು" ಅಂದೆ. ಬಾಯಲ್ಲಿ ಹೇಳಬಹುದು, ನಟಿಸಬಹುದು, ನಂಬೋಕೆ ಆಗಲ್ಲ. ಅವಳು ಸುಮ್ನೆ ಒಪ್ಪಲಿಲ್ಲ. "ಕೆರೆ ಕಣ್ಣೆದುರು ಇದೆ ಕಣೇ. ದೇವರು ಹಾಗಲ್ಲ" ಅಂದಳು. 1896ರಲ್ಲಿ ಅಮೆರಿಕದ ತತ್ವಜ್ಞಾನಿ ವಿಲಿಯಂ ಜೇಮ್ಸ್ ಹೇಳಿದ್ದೂ ಹತ್ತಿರ ಹತ್ತಿರ ಇದೇ. ಆಧಾರದಿಂದ ತೀರ್ಮಾನವಾಗದ, ಆದರೆ ಮುಂದಕ್ಕೆ ಹಾಕಲೂ ಆಗದ ದೊಡ್ಡ ಪ್ರಶ್ನೆಯಲ್ಲಿ ಮನಸ್ಸಿನ ಒಲವಿಗೆ ಹಕ್ಕಿದೆ ಅಂದರು ಅವರು. ಸಾಕಷ್ಟು ಆಧಾರವಿಲ್ಲದೆ ನಂಬುವುದು ಯಾವಾಗಲೂ ತಪ್ಪು ಎಂದು 1877ರಲ್ಲೇ ಬರೆದಿದ್ದವರು ಇಂಗ್ಲೆಂಡಿನ ಗಣಿತಜ್ಞ ಕ್ಲಿಫರ್ಡ್. ನಾನು ಕ್ಲಿಫರ್ಡ್ ಪಕ್ಷ.

ಇಲ್ಲೇ ನಾನು ಸಿಕ್ಕಿಬಿದ್ದೆ. ನಂಬಿಕೆ ನಮ್ಮ ಕೈಲಿಲ್ಲ ಅಂದಮೇಲೆ ಅವಳು ನಂಬುವುದನ್ನು ತಪ್ಪು ಅನ್ನೋದು ಹೇಗೆ? ನಂಬದವರಿಗೆ ಶಿಕ್ಷೆ ಅನ್ನುವವರಿಗೂ ಇದೇ ತೊಡಕು ಅಲ್ವಾ? ಆದ್ದರಿಂದ ಎದುರಿನವರನ್ನು ಬೈಯುವ ಮುಂಚೆ, ನಿಮ್ಮ ವಾದ ಬೈಯಲು ಬಿಡುತ್ತದಾ ಅಂತ ನೋಡಿಕೊಳ್ಳಿ.

ಕ್ರೈಸ್ತರೆಲ್ಲ ಒಂದೇ ಉತ್ತರ ಕೊಡುತ್ತಾರೆ ಅಂದುಕೊಂಡು ವಾದಕ್ಕೆ ಇಳಿಯಬೇಡಿ. ಯಾರನ್ನು ಸೇವಿಸುತ್ತೀರೋ ಇವತ್ತೇ ಆರಿಸಿಕೊಳ್ಳಿ ಅನ್ನುತ್ತಾನೆ ಬೈಬಲಿನ ಯೆಹೋಶುವ. ರಕ್ಷಣೆ ನಿಮ್ಮಿಂದ ಬಂದದ್ದಲ್ಲ, ದೇವರ ವರ ಅನ್ನುತ್ತದೆ ಅದೇ ಬೈಬಲಿನಲ್ಲಿ ಎಫೆಸದವರಿಗೆ ಬರೆದ ಪತ್ರ. ನಂಬಿಕೆ ದೇವರೇ ಆರಿಸಿದವರಿಗೆ ಕೊಡುವುದು ಅನ್ನುವ ಕ್ಯಾಲ್ವಿನ್ ಕಡೆಯವರೂ, ಒಪ್ಪುವುದು ಬಿಡುವುದು ಮನುಷ್ಯನ ಕೈಲಿದೆ ಅನ್ನುವ ಅರ್ಮೀನಿಯಸ್ ಕಡೆಯವರೂ ಇದರ ಮೇಲೆ 400 ವರ್ಷದಿಂದ ವಾದಿಸುತ್ತಿದ್ದಾರೆ. ನನ್ನನ್ನು ಜಾಸ್ತಿ ತಟ್ಟಿದವನು ಮಾರ್ಕನ ಸುವಾರ್ತೆಯ ಆ ತಂದೆ. ಮಗನಿಗೆ ಕಾಯಿಲೆ. ನಂಬುತ್ತೇನೆ, ನನ್ನ ಅಪನಂಬಿಕೆಯನ್ನು ನೀಗಿಸು ಅಂತ ಒಂದೇ ಉಸಿರಿನಲ್ಲಿ ಬೇಡುತ್ತಾನೆ.

ಆಮೇಲೆ ನಂಬಿಕೆಯನ್ನೂ ನಡೆಯನ್ನೂ ಬೇರೆ ಮಾಡಿ ಮಾತಾಡಿ. ನಂಬಲು ಆಗುತ್ತಿಲ್ಲ ಅನ್ನುವವರಿಗೆ 17ನೇ ಶತಮಾನದ ಫ್ರೆಂಚ್ ಗಣಿತಜ್ಞ, ಚಿಂತಕ ಪಾಸ್ಕಲ್ ಕೊಟ್ಟ ಸಲಹೆ: ನಂಬುವವರ ಹಾಗೆ ನಡೆದುಕೊಳ್ಳಿ, ಪವಿತ್ರ ಜಲ ತೆಗೆದುಕೊಳ್ಳಿ, ಚರ್ಚಿನಲ್ಲಿ ಪೂಜೆ ಮಾಡಿಸಿ. ನೇರವಾಗಿ ನಂಬಿಬಿಡಿ ಅಂದರೆ ಆಗದು ಅಂತ ಅವರಿಗೂ ಗೊತ್ತಿತ್ತು.

ಕೊನೆಗೆ, "ಯಾಕೆ ನಂಬ್ತೀಯ?" ಅನ್ನುವ ಬದಲು "ಹೇಗಾಯ್ತು, ಹೇಳು" ಅಂತ ಕೇಳಿ. ನಾನು ಹಾಗೆ ಕೇಳಿದಾಗ ಗೆಳತಿ ಅಲ್ಲೇ ನಿಂತಳು. ಅಮ್ಮ ಹೋದ ಮೇಲೆ ಅವಳಿಗೆ ಪ್ರಾರ್ಥನೆಯೇ ಬರುತ್ತಿರಲಿಲ್ಲವಂತೆ. ಆದರೂ ಭಾನುವಾರ ಹೋಗಿ ಅಮ್ಮ ಕೂರುತ್ತಿದ್ದ ಬೆಂಚಿನಲ್ಲಿ ಕೂತು ಬರುತ್ತಿದ್ದಳಂತೆ. ಎಷ್ಟೋ ತಿಂಗಳಾದ ಮೇಲೆ ನಂಬಿಕೆ ತಾನಾಗೇ ಮರಳಿತಂತೆ. ನಾನು ಬಿಟ್ಟುಬಿಡು ಅಂದಿದ್ದು, ಅದು ಅವಳ ಬಳಿ ಇಲ್ಲದೇ ಇದ್ದ ದಿನಗಳಲ್ಲಿ.

ನನ್ನದನ್ನೂ ಹೇಳಿದೆ. ಚಿಕ್ಕವಳಿದ್ದಾಗ ಅಜ್ಜಿಯ ಕೈ ಹಿಡಿದು ಚಾಮುಂಡಿ ಬೆಟ್ಟದ ಮೆಟ್ಟಿಲಿಗೆಲ್ಲ ಕುಂಕುಮ ಹಚ್ಚುತ್ತಾ ಹತ್ತಿದ್ದೆ. ಒಂದು ದಸರೆಯಲ್ಲಿ ಗೊಂಬೆ ಜೋಡಿಸುವಾಗ, ಆರತಿಗೆ ಕೈ ಮುಗಿದರೂ ಒಳಗೆ ಏನೂ ಇಲ್ಲ ಅನ್ನಿಸಿತು. ಯಾವತ್ತು ಹೋಯಿತೋ ತಿಳಿಯದು. ಓದುವ ಪುಸ್ತಕ ನಾನು ಆರಿಸಿದ್ದೆ, ನಂಬಿಕೆ ಹೋಗಲಿ ಅಂತ ಆರಿಸಿರಲಿಲ್ಲ.

ಸಾವಿನ ಮನೆಯಲ್ಲಿ ಮಾತ್ರ ಈ ವಾದ ಬೇಡ. ಅವರಾಗೇ ಎತ್ತುವ ತನಕ ಕಾಯಿರಿ.