ಮುಟ್ಟು ಸರಿಹೋಗಲಿ ಅಂತ ಮನಸ್ಸು ಕಾಯಬೇಕಿಲ್ಲ

ಪಿಸಿಒಎಸ್ (ಹೆಂಗಸರಲ್ಲಿ ಹಾರ್ಮೋನ್ ಏರುಪೇರಾಗಿ ಮುಟ್ಟು ತಪ್ಪುವ, ಮುಖದಲ್ಲಿ ಕೂದಲು ಬರುವ, ಕುತ್ತಿಗೆ ಕಪ್ಪಾಗುವ ತೊಂದರೆ) ಅಂದ ತಕ್ಷಣ ಎಲ್ಲರೂ ಕೇಳುವುದು ಮುಟ್ಟು, ತೂಕ, ಮಕ್ಕಳ ಬಗ್ಗೆ. ನನ್ನನ್ನು ಹಿಂಡಿದ್ದು ಬೇರೆ. ಹಾಸನದಲ್ಲಿ ಹೈಸ್ಕೂಲ್ ಟೀಚರ್ ನಾನು. ಬೆಳಿಗ್ಗೆ ಕಿಟಕಿ ಬೆಳಕಿಗೆ ಕನ್ನಡಿ ಹಿಡಿದು ಗಲ್ಲದ ಕೂದಲು ಕೀಳುತ್ತಿದ್ದೆ. ಒಂದು ಉಳಿದಿದ್ದರೆ ಮುಂದಿನ ಬೆಂಚಿನ ಮಕ್ಕಳಿಗೆ ಕಾಣುತ್ತದಲ್ಲ ಅನ್ನುವ ಯೋಚನೆಯಲ್ಲೇ ಅರ್ಧ ಪಾಠ ಮುಗಿಯುತ್ತಿತ್ತು. ಬೋರ್ಡ್ ಕಡೆ ತಿರುಗಿದರೆ ಕುತ್ತಿಗೆಯ ಕಪ್ಪು ಕಾಣುತ್ತದೆ ಅಂತ ಸೆಖೆಯಲ್ಲೂ ಹೈನೆಕ್ ಬ್ಲೌಸ್. ಆಮೇಲೆ ನಿದ್ದೆ ಕೆಟ್ಟಿತು. ಸುಮ್ನೆ ಅಳು ಬರುತ್ತಿತ್ತು.

"ತೂಕ ಇಳಿಸಿ, ಎಲ್ಲ ಸರಿಹೋಗುತ್ತೆ" ಅಂದರು ಮೊದಲು ನೋಡಿದ ಡಾಕ್ಟರು. ಹಾಸಿಗೆಯಿಂದ ಏಳುವುದಕ್ಕೇ ಮನಸ್ಸಿಲ್ಲದವಳು ವಾಕಿಂಗ್ ಹೋಗುವುದು ಹೇಗೆ?

ಮುಂದಿನ ಸಲ ಬೇರೆ ಡಾಕ್ಟರ ಹತ್ತಿರ ಹೋದೆ. ಒಂದು ಚೀಟಿಯಲ್ಲಿ ಬರೆದುಕೊಂಡಿದ್ದೆ: ನಿದ್ದೆ ಇಲ್ಲ, ಯಾವುದರಲ್ಲೂ ಆಸಕ್ತಿ ಇಲ್ಲ, ಎದೆ ಡವಡವ ಅನ್ನುತ್ತೆ. ಮುಟ್ಟಿನ ಮಾತಿಗೆ ಮೊದಲೇ ಅದನ್ನು ಕೊಟ್ಟೆ. ಬಾಯಲ್ಲಿ ಹೇಳಲು ಹೋಗಿದ್ದರೆ ಅತ್ತುಬಿಡುತ್ತಿದ್ದೆ. ಅವರು ಓದಿ, ಮನೋವೈದ್ಯರಿಗೆ ಬರೆದುಕೊಟ್ಟರು. ಪಿಸಿಒಎಸ್ ಇರುವ ಎಲ್ಲರಲ್ಲೂ ಖಿನ್ನತೆ, ಆತಂಕ ಇದೆಯೇ ಅಂತ ವಿಚಾರಿಸಲೇಬೇಕು ಅಂತ 2023ರ ಅಂತರರಾಷ್ಟ್ರೀಯ ಮಾರ್ಗಸೂಚಿಯೇ ಹೇಳುತ್ತದೆ. ಡಾಕ್ಟರು ಕೇಳದಿದ್ದರೆ ನಾವೇ ಹೇಳಬೇಕು.

ಅಮ್ಮನಿಗೆ ಇಷ್ಟವಿರಲಿಲ್ಲ. "ಅಲ್ಲಿಗೆ ಹೋದ್ರೆ ನಾಲ್ಕು ಜನ ಏನಂತಾರೆ?" ಅಂದರು. ನನ್ನವರು ಜೊತೆಗೆ ಬಂದರು. ಅಲ್ಲಿ ಖಿನ್ನತೆ ಎಷ್ಟಿದೆ ಅಂತ ನೋಡುವ ಪಿಎಚ್‌ಕ್ಯೂ-9 ಅನ್ನುವ ಹಾಳೆ ಕೊಟ್ಟರು. ಕಳೆದ 2 ವಾರ ಹೇಗಿತ್ತು ಅಂತ 9 ಪ್ರಶ್ನೆ, ಒಟ್ಟು 27 ಅಂಕ. ಖಿನ್ನತೆ ಇರಬಹುದು ಅನ್ನುವ 10ರ ಗಡಿಯನ್ನು ನನ್ನದು ದಾಟಿತ್ತು. ಸುಸ್ತನ್ನೆಲ್ಲ ಸೋಮಾರಿತನ ಅಂದುಕೊಂಡವರ ನಡುವೆ ಅದಕ್ಕೆ ಖಿನ್ನತೆ ಅಂತ ಒಂದು ಹೆಸರು ಸಿಕ್ಕಿದ್ದೇ ನಿರಾಳ.

ಒಂದು ವಿಷಯ ಮರೆಯಬೇಡಿ. ನಿಮಗೆ ಪಿಸಿಒಎಸ್ ಇದೆ, ಯಾವ ಮಾತ್ರೆ ತಗೊಳ್ತೀರಿ, ಮಗು ಬೇಕು ಅಂತಿದ್ದೀರಾ, ಎಲ್ಲವನ್ನೂ ಮನೋವೈದ್ಯರಿಗೆ ಹೇಳಿ. ಮನಸ್ಸಿನ ಕೆಲವು ಔಷಧಿಗಳಿಂದ ತೂಕ ಏರುತ್ತದೆ. ಮುಟ್ಟು ಸರಿ ಮಾಡಲು ಕೊಡುವ ಹಾರ್ಮೋನ್ ಮಾತ್ರೆಯಿಂದಲೂ ಕೆಲವರಿಗೆ ಮನಸ್ಸು ಕುಗ್ಗುತ್ತದೆ. ಖಿನ್ನತೆಯ ಮಾತ್ರೆ ಕೆಲಸ ಮಾಡಲು ಕೆಲವು ವಾರ ಬೇಕು. ಮಧ್ಯೆ ನೀವಾಗಿಯೇ ನಿಲ್ಲಿಸಬೇಡಿ.

ಕೌನ್ಸೆಲಿಂಗ್‌ನಲ್ಲಿ ನನಗೆ ಜಾಸ್ತಿ ಉಪಯೋಗ ಆಗಿದ್ದು ಉತ್ತರ ಕೊಡುವ ಅಭ್ಯಾಸ. ಹಾಸನಾಂಬೆ ಗುಡಿ ಬಾಗಿಲು ತೆಗೆದರೆ ನಮ್ಮ ಮನೆ ತುಂಬ ನೆಂಟರು. "ಇನ್ನೂ ವಿಶೇಷ ಇಲ್ವೇನೇ?" ಅಂತ ಚಿಕ್ಕತ್ತೆ ಕೇಳಿಯೇ ಕೇಳುತ್ತಾರೆ. ಆ ಸಲ ಅಡುಗೆಮನೆಗೆ ಓಡಲಿಲ್ಲ. "ಚಿಕ್ಕತ್ತೆ, ಆ ವಿಷಯ ನಂಗೆ ನೋವಾಗುತ್ತೆ, ಕೇಳಬೇಡಿ. ಬನ್ನಿ, ಊಟಕ್ಕೆ ಕೂತ್ಕೊಳ್ಳಿ" ಅಂದೆ. ಕೈ ನಡುಗುತ್ತಿತ್ತು. ಅವರು ಸುಮ್ಮನಾದರು.

ಮಹಾರಾಜ ಪಾರ್ಕಿನಲ್ಲಿ ನಡೆಯುವುದು ಆಮೇಲೆ ತಾನಾಗಿ ಶುರುವಾಯಿತು. ತೂಕ ಹೆಚ್ಚೇನೂ ಇಳಿದಿಲ್ಲ, ಮುಟ್ಟು ಈಗಲೂ ಒಮ್ಮೊಮ್ಮೆ ತಡವಾಗುತ್ತದೆ. ನಿದ್ದೆ ಮಾತ್ರ ಚೆನ್ನಾಗಿ ಬರುತ್ತದೆ. ಆಸ್ಪತ್ರೆಗೆ ಹೋಗಲು ಇನ್ನೂ ಧೈರ್ಯ ಸಾಲದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಬದುಕೇ ಬೇಡ ಅನ್ನಿಸಿದರಂತೂ ನಾಳೆಗೆ ಅಂತ ಇಡಬೇಡಿ, ಈಗಲೇ ಮಾಡಿ.