ಕಿಣ್ವಕ್ಕೆ ಪ್ರತ್ಯೇಕ ಸರದಿ: ಆರ್‌ಒ ಮೆಂಬ್ರೇನಿನ ಲೋಳೆ ತೆಗೆದ ನನ್ನ ಅನುಭವ

ನೀರು ಶುದ್ಧೀಕರಿಸುವ ಆರ್‌ಒ ಮೆಂಬ್ರೇನಿಗೆ (ಸೋಸುವ ಹಾಳೆಗೆ) ಅಂಟಿದ ಬಯೋಫಿಲ್ಮನ್ನು, ಅಂದರೆ ಬ್ಯಾಕ್ಟೀರಿಯಾ ಕಟ್ಟಿದ ಲೋಳೆಯನ್ನು, ಕಿಣ್ವದಿಂದ (ಎನ್‌ಜೈಮ್) ತೆಗೆಯುತ್ತೇನೆ ಎಂದಾಗ, “ಬಟ್ಟೆ ಒಗೆಯುವ ಪುಡಿ ಹಾಕುತ್ತೀರಾ?” ಎಂದು ನಮ್ಮ ಘಟಕದ ಹಿರಿಯರೊಬ್ಬರು ನಕ್ಕಿದ್ದರು; ಆ ಪುಡಿಗಳಲ್ಲೂ ಕಿಣ್ವ ಇರುತ್ತದಲ್ಲ. ಮೊದಲ ಮೂರು ಪ್ರಯತ್ನಗಳ ಮಟ್ಟಿಗೆ ಅವರ ನಗು ಸರಿಯಾಗಿಯೇ ಇತ್ತೆಂದು ಒಪ್ಪಿಕೊಳ್ಳಬೇಕು.

ನಮ್ಮದು ಎರಡು ಹಂತದ ಆರ್‌ಒ ಘಟಕ. ಮೊದಲ ಹಂತದಲ್ಲಿ ನಾಲ್ಕು ವೆಸೆಲ್ (ಒತ್ತಡ ತಡೆಯುವ ಉದ್ದ ಕೊಳವೆ), ಎರಡನೆಯದರಲ್ಲಿ ಎರಡು, ಪ್ರತಿಯೊಂದರಲ್ಲಿ ಆರು ಎಲಿಮೆಂಟ್ (ಮೆಂಬ್ರೇನ್ ಸುತ್ತಿದ ಸುರುಳಿ). ಮೊದಲ ಹಂತದ ಒತ್ತಡ ವ್ಯತ್ಯಾಸ (ಹಂತದ ಎರಡು ತುದಿಗಳಲ್ಲಿ ಹರಿಯುವ ನೀರಿನ ಒತ್ತಡಗಳ ಅಂತರ; ಲೋಳೆ ಕಟ್ಟಿದಷ್ಟೂ ಏರುತ್ತದೆ) ಮೆಂಬ್ರೇನ್ ಸ್ವಚ್ಛವಾಗಿದ್ದಾಗ ಸುಮಾರು 1.5 ಬಾರ್ ಇರುತ್ತಿದ್ದುದು ಕೆಲವೇ ವಾರಗಳಲ್ಲಿ 2.3ಕ್ಕೆ ಏರುತ್ತಿತ್ತು. ಕಾಸ್ಟಿಕ್ (ಕಾಸ್ಟಿಕ್ ಸೋಡಾದ ಕ್ಷಾರ) ತೊಳೆತದ ನಂತರ 1.9ರವರೆಗೆ ಇಳಿದು, ಆರು ವಾರ ಕಳೆಯುವಷ್ಟರಲ್ಲಿ ಮತ್ತೆ ಮೊದಲಿನ ಸ್ಥಿತಿಗೆ ಬರುತ್ತಿತ್ತು. ಮೆಂಬ್ರೇನಿನ ಪಾಲಿಅಮೈಡ್ ಪದರಕ್ಕೆ ಕ್ಲೋರಿನ್ ಆಗದು ಎಂಬುದು ಎಲ್ಲರಿಗೂ ಗೊತ್ತಿರುವುದರಿಂದ ಆ ದಾರಿಯೂ ಮುಚ್ಚಿತ್ತು. ವರ್ಷಕ್ಕೆ ಎಂಟೊಂಬತ್ತು ಬಾರಿ ತೊಳೆದು, ಪ್ರತಿ ಬಾರಿಯೂ ಒಂದು ದಿನದ ಉತ್ಪಾದನೆಯನ್ನು ಕಳೆದುಕೊಂಡು, ಕೊನೆಗೆ ಅವಧಿಗೆ ಮೊದಲೇ ಮುಂಭಾಗದ ಎಲಿಮೆಂಟುಗಳನ್ನು ಬದಲಿಸುವುದು ನಮ್ಮ ಲೆಕ್ಕಪುಸ್ತಕದ ಕಾಯಂ ಸಾಲಾಗಿತ್ತು.

ಮೊದಲ ಪ್ರಯತ್ನದಲ್ಲಿ ನಾನು ಮಾಡಿದ ತಪ್ಪನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ. ಎಂದಿನ ಕ್ಷಾರ ದ್ರಾವಣದಲ್ಲಿ ಇಡಿಟಿಎ (ಲೋಹದ ಅಯಾನುಗಳನ್ನು ಹಿಡಿದಿಡುವ ರಾಸಾಯನಿಕ) ಮತ್ತು ಎಸ್‌ಡಿಎಸ್ (ಒಂದು ಬಗೆಯ ಮಾರ್ಜಕ) ಇರುವಾಗಲೇ ಅದಕ್ಕೆ ಪ್ರೋಟೀನ್ ಒಡೆಯುವ ಪ್ರೋಟಿಯೇಸ್ ಮತ್ತು ಪಿಷ್ಟ ಒಡೆಯುವ ಅಮೈಲೇಸ್ ಕಿಣ್ವಗಳನ್ನು ಸುರಿದೆ. ಕಿಣ್ವಕ್ಕೆ ಆಧಾರವಾದ ಕ್ಯಾಲ್ಸಿಯಮ್ಮನ್ನು ಇಡಿಟಿಎ ಕಿತ್ತುಕೊಂಡಿತು, ಉಳಿದದ್ದನ್ನು ಎಸ್‌ಡಿಎಸ್ ಮತ್ತು 12ರ ಪಿಎಚ್ ಮುಗಿಸಿದವು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು. ಎರಡನೆಯ ಬಾರಿ ಪಿಎಚ್ಚನ್ನು 8ರ ಸುಮಾರಿಗೆ ಇಳಿಸಿ, ಇಡಿಟಿಎಯನ್ನು ದೂರವಿಟ್ಟೆನಾದರೂ ಎರಡೂ ಕಿಣ್ವಗಳನ್ನು ಒಂದೇ ತೊಟ್ಟಿಗೆ ಹಾಕಿದ್ದರಿಂದ, ಪ್ರೋಟಿಯೇಸ್ ತನ್ನ ಜೊತೆಗಾರನನ್ನೇ ಅರಗಿಸಿಕೊಂಡಿತು; ಅಮೈಲೇಸ್ ಕೂಡ ಪ್ರೋಟೀನೇ ಎಂಬುದು ನನಗೆ ಹೊಳೆದಿರಲಿಲ್ಲ. ಮೂರನೆಯ ಬಾರಿಯದು ನನ್ನ ತಪ್ಪಲ್ಲ. ಪೂರೈಕೆದಾರರು ಕಳುಹಿಸಿದ ಕ್ಯಾನ್ ಎಲ್ಲೋ ಬಿಸಿಲಿನಲ್ಲಿ ಬಹಳ ಕಾಲ ನಿಂತಿತ್ತೆಂದು ಕಾಣುತ್ತದೆ. ಅದರಲ್ಲಿ ಜೀವವೇ ಇರಲಿಲ್ಲ.

ಆ ಮೂರನೆಯ ಸೋಲಿನಿಂದಲೇ ಒಂದು ಒಳ್ಳೆಯ ಅಭ್ಯಾಸ ಹುಟ್ಟಿತು. ಬಳಸಿ ಬಿಟ್ಟ ಹಳೆಯ ಎಕ್ಸ್‌ರೇ ಫಿಲ್ಮನ್ನು ಎರಡು ಬೆರಳಗಲ ಕತ್ತರಿಸಿ, ಬೆಚ್ಚಗಿನ ಪ್ರೋಟಿಯೇಸ್ ದ್ರಾವಣದಲ್ಲಿ ಇಳಿಬಿಡುತ್ತೇನೆ. ಕಿಣ್ವಕ್ಕೆ ಶಕ್ತಿಯಿದ್ದರೆ ಜೆಲಟಿನ್ ಕರಗಿ, ಕಪ್ಪು ಪದರ ಮಸಿಯಂತೆ ಕಳಚಿ ಬೀಳುತ್ತದೆ. ಹಿಂದೆ ಉಳಿಯುವುದು ತಿಳಿನೀಲಿ ಛಾಯೆಯ ಪಾರದರ್ಶಕ ಹಾಳೆ ಮಾತ್ರ. ಸತ್ತ ಕ್ಯಾನಿನ ದ್ರಾವಣದಲ್ಲಿ ಇಡೀ ರಾತ್ರಿ ಬಿಟ್ಟರೂ ಫಿಲ್ಮ್ ಹಾಗೆಯೇ ಕಪ್ಪಗಿತ್ತು. ಅಮೈಲೇಸಿಗೆ ಗಂಜಿ ಮತ್ತು ಅಯೋಡಿನ್ ಸಾಕು. ಆದರೆ ಗಂಜಿಯ ನೀಲಿ ಬಣ್ಣ ಮಾಯವಾದ ಮಾತ್ರಕ್ಕೆ ಬ್ಯಾಕ್ಟೀರಿಯಾದ ಲೋಳೆ ಕರಗುತ್ತದೆಂದು ನಂಬಬಾರದು, ಏಕೆಂದರೆ ಆ ಲೋಳೆಯ ಸಕ್ಕರೆ ಸರಪಳಿಗಳು ಬಹುಪಾಲು ಪಿಷ್ಟವಲ್ಲ. ಅದಕ್ಕಾಗಿ ತೆಗೆದುಹಾಕಿದ್ದ ಎಲಿಮೆಂಟೊಂದನ್ನು ಸೀಳಿ, ಫೀಡ್ ಸ್ಪೇಸರಿನ (ಮೆಂಬ್ರೇನ್ ಹಾಳೆಗಳ ನಡುವೆ ನೀರು ಹರಿಯಲು ಜಾಗ ಬಿಡುವ ಜಾಲರಿ) ತುಂಡುಗಳನ್ನು ಬೀಕರುಗಳಲ್ಲಿಟ್ಟು ನೋಡಿದೆ. ಜಾಲರಿಯ ಎಳೆಗಳು ಒಂದನ್ನೊಂದು ದಾಟುವ ಮೂಲೆಗಳಲ್ಲಿ ಕಂದು ಲೋಳೆ ಕೊನೆಯವರೆಗೂ ಕಚ್ಚಿಕೊಂಡಿರುತ್ತದೆ. ಆ ಮೂಲೆ ಬಿಳಿಯಾಗದೆ ಯಾವ ದ್ರಾವಣವನ್ನೂ ನಾನು ಒಪ್ಪುವುದಿಲ್ಲ. ಈ ಪರೀಕ್ಷೆಯಲ್ಲಿ ಅಮೈಲೇಸ್ ಒಂದರಿಂದ ಏನೂ ಆಗಲಿಲ್ಲ. ಬೇರೆ ಬಗೆಯ ಸಕ್ಕರೆ ಸರಪಳಿಗಳನ್ನು ಕತ್ತರಿಸುವ ಸೆಲ್ಯುಲೇಸ್ ಮತ್ತು ಗ್ಲೂಕನೇಸ್ ಸೇರಿದ ಮಿಶ್ರಣ ಮೊದಲು, ಪ್ರೋಟಿಯೇಸ್ ನಂತರ ಎಂಬ ಕ್ರಮದಲ್ಲಿ ಮೂಲೆಗಳು ತೆರವಾದವು. ಎಷ್ಟು ಪ್ರಮಾಣದಲ್ಲಿ, ನಡುವೆ ಎಷ್ಟು ಹೊತ್ತಿನ ಅಂತರದಲ್ಲಿ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ನನ್ನ ಒಂದು ವರ್ಷದ ಭಾನುವಾರಗಳು ಖರ್ಚಾಗಿವೆ.

ಒಮ್ಮೆ ಕುತೂಹಲಕ್ಕೆಂದು ನಿಜವಾಗಿಯೂ ಬಟ್ಟೆ ಪುಡಿಯನ್ನೇ ಬೀಕರಿಗೆ ಹಾಕಿ ನೋಡಿದೆ. ನೊರೆ ಬಂತು, ತಳದಲ್ಲಿ ಕರಗದ ಬಿಳಿ ಗಸಿ ಕುಳಿತಿತು. ಅದನ್ನು ಎಲಿಮೆಂಟಿನೊಳಗೆ ಕಳುಹಿಸುವ ಧೈರ್ಯ ಯಾರಿಗೂ ಬೇಡ.

ನಾಲ್ಕನೆಯ ಬಾರಿ ಹೀಗೆ ನಡೆಯಿತು. ಸಿಐಪಿ ತೊಟ್ಟಿಗೆ (ಮೆಂಬ್ರೇನನ್ನು ಬಿಚ್ಚದೆ ಇದ್ದಲ್ಲೇ ತೊಳೆಯುವ ದ್ರಾವಣದ ತೊಟ್ಟಿ) ಪರ್ಮಿಯೇಟ್, ಅಂದರೆ ಆರ್‌ಒ ಸೋಸಿದ ನೀರು, ತುಂಬಿ, ಬೈಸಲ್ಫೈಟಿನ (ಕ್ಲೋರಿನ್ ತೆಗೆಯಲು ಬಳಸುವ ರಾಸಾಯನಿಕ) ಶೇಷ ಇಲ್ಲವೆಂದು ಖಚಿತಪಡಿಸಿಕೊಂಡು, 38 ಡಿಗ್ರಿಗೆ ಕಾಯಿಸಿದೆ. ಪರ್ಮಿಯೇಟಿನಲ್ಲಿ ಕ್ಯಾಲ್ಸಿಯಂ ಹೆಚ್ಚುಕಡಿಮೆ ಇರುವುದೇ ಇಲ್ಲವಾದ್ದರಿಂದ ಚಿಟಿಕೆಯಷ್ಟನ್ನು ನಾವೇ ಕೊಡಬೇಕಾಯಿತು, ಅದೂ ಸುಣ್ಣ ಕಟ್ಟದಷ್ಟು. ಮೊದಲ ಹಂತವನ್ನು ಮಾತ್ರ ತೆರೆದು, ಒಂದು ಗಂಟೆ ನಿಧಾನವಾಗಿ ಸುತ್ತಿಸಿ, ರಾತ್ರಿಯಿಡೀ ನೆನೆಯಲು ಬಿಟ್ಟೆ. ಶಾಖ ಇಳಿಯದಿರಲೆಂದು ಪಂಪನ್ನು ಹತ್ತನೆಯ ಒಂದು ಪಾಲಿನಷ್ಟು ಹರಿವಿನಲ್ಲಿ ಓಡಿಸುತ್ತಲೇ ಇದ್ದೆ. ಮೊದಲ ರಾತ್ರಿ ಸೆಲ್ಯುಲೇಸ್-ಗ್ಲೂಕನೇಸ್ ಮಿಶ್ರಣಕ್ಕೆ, ಎರಡನೆಯ ರಾತ್ರಿ ಪ್ರೋಟಿಯೇಸಿಗೆ. ಬಳಿಕ ವೆಸೆಲಿಗೆ ಗಂಟೆಗೆ ಎಂಟೊಂಬತ್ತು ಘನ ಮೀಟರಿನ ಹರಿವು ಕೊಟ್ಟಾಗ ಹಿಂದಿರುಗಿದ ನೀರು ಅಕ್ಕಿ ತೊಳೆದ ನೀರಿನಂತೆ ಮಬ್ಬಾಗಿ, ಅದರಲ್ಲಿ ಕಂದು ಚೂರುಗಳು ತೇಲುತ್ತಿದ್ದವು. ಐದು ಮೈಕ್ರಾನಿನ ಕಾರ್ಟ್ರಿಜ್ ಫಿಲ್ಟರ್ ಮುಟ್ಟಿದರೆ ಜಾರುವಂತಿತ್ತು. ಅದನ್ನು ಎರಡು ಬಾರಿ ಬದಲಿಸಿದೆವು.

ಕಾಸ್ಟಿಕ್ ತೊಳೆತವನ್ನು ಬಿಡಬಹುದೆಂದು ಯಾರೂ ಭಾವಿಸಬಾರದು. ಕಿಣ್ವ ಅಂಟನ್ನು ಕತ್ತರಿಸುತ್ತದೆಯೇ ಹೊರತು ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ. ಅಲ್ಲದೆ ಉಳಿದ ಕಿಣ್ವವೂ, ಅದನ್ನು ಕೆಡದಂತೆ ಇಡಲು ಬೆರೆಸಿದ ಗ್ಲಿಸರಾಲಿನಂಥ ಪದಾರ್ಥವೂ ಹೊಸ ಲೋಳೆಗೆ ಊಟವಾಗುತ್ತವೆ. ಹಾಗಾಗಿ ಅದರ ಬೆನ್ನಿಗೇ 12ರ ಪಿಎಚ್‌ನಲ್ಲಿ, 35 ಡಿಗ್ರಿ ಮೀರದಂತೆ ಕ್ಷಾರದ ತೊಳೆತ ನಡೆಯಲೇಬೇಕು. ಪುಡಿ ರೂಪದ ಕಿಣ್ವ ಬಳಸುವವರು ಮುಖಕ್ಕೆ ಸರಿಯಾದ ಮಾಸ್ಕ್ ಹಾಕಿಕೊಳ್ಳಲಿ. ಆ ಧೂಳು ಉಬ್ಬಸ ತರಬಲ್ಲದು.

ಒತ್ತಡ ವ್ಯತ್ಯಾಸ 1.6ಕ್ಕೆ ಇಳಿದು, ಹೆಚ್ಚುಕಡಿಮೆ ನಾಲ್ಕು ತಿಂಗಳು 1.8 ದಾಟಲಿಲ್ಲ. ಕಿಣ್ವ ಮತ್ತು ಅದರ ಬೆನ್ನಿಗಿನ ಕ್ಷಾರ ಸೇರಿ ಒಂದು ಬಾರಿಯ ಖರ್ಚು ಬರೀ ಕಾಸ್ಟಿಕ್ ತೊಳೆತದ ಮೂರು ಪಟ್ಟು ಇದ್ದರೂ, ತೊಳೆತಗಳು ವರ್ಷಕ್ಕೆ ಮೂರಕ್ಕೆ ಇಳಿದಿರುವುದರಿಂದ ರಾಸಾಯನಿಕದ ಖರ್ಚು ಸರಿಸಮವಾಗಿದೆ. ಉತ್ಪಾದನೆ ನಿಲ್ಲದೆ ಉಳಿದ ದಿನಗಳೂ ಬದಲಿಸದೆ ಉಳಿದ ಎಲಿಮೆಂಟುಗಳೂ ಪೂರ್ತಿ ಲಾಭ. ಎರಡನೆಯ ಹಂತದ ಮೇಲೂ ಇದನ್ನೇ ಪ್ರಯೋಗಿಸಿದೆ, ಏನೂ ಆಗಲಿಲ್ಲ. ಅಲ್ಲಿದ್ದದ್ದು ಲೋಳೆಯಲ್ಲ, ಸುಣ್ಣದ ಪದರ. ಸಿಟ್ರಿಕ್ ಆಮ್ಲದಲ್ಲಿ ಒಂದೇ ಮಧ್ಯಾಹ್ನಕ್ಕೆ ಹೋಯಿತು. ನಕ್ಕಿದ್ದ ಹಿರಿಯರು ಕಳೆದ ತಿಂಗಳು ಬಂದು, ಮಿಶ್ರಣದ ಪ್ರಮಾಣ ಕೇಳಿದರು. ಅವರಿಗೆ ಎಕ್ಸ್‌ರೇ ಫಿಲ್ಮಿನ ಒಂದು ತುಂಡು ಕೊಟ್ಟು ಕಳುಹಿಸಿದೆ.