ನೆರವಿನ ಲೆಕ್ಕ ಇಡುವ ತಂತ್ರಾಂಶ ಕೊಳ್ಳಲು ಸಲಹೆಗಾರರನ್ನು ನೇಮಿಸಿಕೊಳ್ಳುವ ಬಗೆ

2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ನದಿಗಳು ಉಕ್ಕಿ ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳ ದಂಡೆಯ ಊರುಗಳಿಗೆ ನೀರು ನುಗ್ಗಿದಾಗ, ಸರ್ಕಾರ ಪ್ರತಿ ಸಂತ್ರಸ್ತ ಕುಟುಂಬಕ್ಕೆ 10,000 ರೂಪಾಯಿ ತುರ್ತು ಪರಿಹಾರ ಕೊಟ್ಟಿತು. ಬಿದ್ದ ಮನೆಗಳನ್ನು ಹಾನಿಗೆ ತಕ್ಕಂತೆ ಎ, ಬಿ, ಸಿ ಎಂದು ವಿಂಗಡಿಸಿ ಕಂತಿನಲ್ಲಿ ಹಣ ಬಿಡುಗಡೆ ಮಾಡಿತು. ಮಠಗಳು, ಕಂಪನಿಗಳು, ಯುವಕ ಸಂಘಗಳು ಮತ್ತು ನಮ್ಮಂಥ ಸೇವಾ ಸಂಸ್ಥೆಗಳು ಅವರವರ ಶಕ್ತಿಯಷ್ಟು ಹಂಚಿದವು. ಆದರೆ ಒಂದೇ ಮನೆಗೆ ಮೂರು ಕಡೆಯಿಂದ ತಗಡು ಬಂದು, ಅದರ ಹಿಂದಿನ ಓಣಿಯ ವಿಧವೆಯೊಬ್ಬರ ಮನೆಗೆ ಒಂದೂ ಬಾರದೇ ಹೋದದ್ದನ್ನು ಮುಧೋಳ ತಾಲ್ಲೂಕಿನ ಒಂದು ಊರಿನಲ್ಲಿ ನಾನು ಕಣ್ಣಾರೆ ಕಂಡೆ. ಹಂಚಿದವರ ಹತ್ತಿರವೆಲ್ಲ ಕಿರ್ದಿ ಇತ್ತು. ಒಬ್ಬರ ಕಿರ್ದಿಯನ್ನು ಇನ್ನೊಬ್ಬರು ನೋಡುವ ದಾರಿ ಇರಲಿಲ್ಲ.

ಆ ದಾರಿಯನ್ನು ಮಾಡಿಕೊಡುವುದೇ ನೆರವಿನ ಲೆಕ್ಕ ಇಡುವ ಮಾಹಿತಿ ವ್ಯವಸ್ಥೆ. ಅದನ್ನು ಕೊಳ್ಳಲು ಹೊರಟ ಸಂಸ್ಥೆಗಳು ನೇರವಾಗಿ ತಂತ್ರಾಂಶ ಕಂಪನಿಗಳ ಬಾಗಿಲಿಗೆ ಹೋಗದೆ, ಮೊದಲು ತಮ್ಮ ಪರವಾಗಿ ಕೂರುವ ಒಬ್ಬ ಸಲಹೆಗಾರರನ್ನು ನೇಮಿಸಿಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಆ ನೇಮಕವನ್ನು ಹೇಗೆ ಮಾಡಬೇಕು, ಎಲ್ಲಿ ಎಚ್ಚರ ಬೇಕು ಎಂಬುದನ್ನು ಇಲ್ಲಿ ವಿವರಿಸುತ್ತೇನೆ.

ಮೊದಲು ನಮಗೇ ತಿಳಿದಿರಬೇಕಾದದ್ದು

ನೆರವಿನ ಲೆಕ್ಕ ಎಂಬ ಒಂದೇ ಮಾತಿನಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ದಾನಿಗಳು ಎಷ್ಟು ಒಪ್ಪಿಕೊಂಡರು, ಎಷ್ಟು ಬಿಡುಗಡೆ ಮಾಡಿದರು, ಅದರಲ್ಲಿ ಎಷ್ಟು ಖರ್ಚಾಯಿತು ಎಂದು ಮೂರು ಅಂಕಣಗಳಲ್ಲಿ ಹಣವನ್ನು ಹಿಂಬಾಲಿಸುವುದು ಒಂದು. ಯಾವ ಕುಟುಂಬಕ್ಕೆ ಏನು, ಯಾವಾಗ, ಯಾರಿಂದ ತಲುಪಿತು ಎಂದು ಫಲಾನುಭವಿಯನ್ನು ಹಿಂಬಾಲಿಸುವುದು ಇನ್ನೊಂದು. ದೇಶಗಳ ಮಟ್ಟದಲ್ಲಿ ಮೊದಲನೆಯ ಬಗೆಯ ವ್ಯವಸ್ಥೆಗಳು ಬಹಳ ಬೆಳೆದಿವೆ. 2008ರಲ್ಲಿ ಘಾನಾ ದೇಶದ ಅಕ್ರಾದಲ್ಲಿ ಅಂತರರಾಷ್ಟ್ರೀಯ ನೆರವು ಪಾರದರ್ಶಕತೆ ಉಪಕ್ರಮ ಆರಂಭವಾದ ಮೇಲೆ ದಾನಿಗಳ ಮಾಹಿತಿಯನ್ನು ಒಂದೇ ಮಾದರಿಯಲ್ಲಿ ಪ್ರಕಟಿಸುವ ರೂಢಿಯೂ ಬಂತು. 2004ರ ಸುನಾಮಿಯ ನಂತರ ಶ್ರೀಲಂಕಾದ ತಂತ್ರಜ್ಞರು ಕಟ್ಟಿದ ಸಹನಾ ಎಂಬ ಮುಕ್ತ ತಂತ್ರಾಂಶ ಶಿಬಿರಗಳು, ಕಾಣೆಯಾದವರು, ನೆರವಿಗೆ ಬಂದ ಸಂಸ್ಥೆಗಳು, ಇವೆಲ್ಲವನ್ನೂ ದಾಖಲಿಸುವಂಥದ್ದು. ನಿಮಗೆ ಬೇಕಾದದ್ದು ಹಣದ ಲೆಕ್ಕವೋ, ಮನೆಮನೆಯ ಲೆಕ್ಕವೋ, ಎರಡೂ ಹೌದೋ ಎಂಬುದನ್ನು ಕಾರ್ಯಕಾರಿ ಸಮಿತಿ ಕೂತು ಚರ್ಚಿಸಿ ಠರಾವು ಮಾಡಿಕೊಳ್ಳದಿದ್ದರೆ, ಮೊದಲನೆಯದರಲ್ಲಿ ಹೆಸರು ಮಾಡಿದ ಸಲಹೆಗಾರರು ಬಂದು ಎರಡನೆಯದಕ್ಕೆ ಒಗ್ಗದ ವ್ಯವಸ್ಥೆಯನ್ನು ಸೂಚಿಸಿ ಹೋಗುವ ಸಂಭವವಿದೆ.

ಸಲಹೆಗಾರರ ಶುಲ್ಕದ ಹಣ ಯಾವ ಖಾತೆಯಿಂದ ಬರುತ್ತದೆ ಎಂಬುದೂ ಠರಾವಿನಲ್ಲೇ ತೀರ್ಮಾನವಾಗಬೇಕು. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿಯ ಪ್ರಕಾರ ವಿದೇಶಿ ದೇಣಿಗೆಯನ್ನು ಒಂದು ಸಂಸ್ಥೆ ಇನ್ನೊಂದಕ್ಕೆ ವರ್ಗಾಯಿಸುವಂತಿಲ್ಲ, ಆಡಳಿತ ವೆಚ್ಚವೂ ಶೇ 20ನ್ನು ಮೀರುವಂತಿಲ್ಲ. ನಾಲ್ಕೈದು ಸಂಸ್ಥೆಗಳು ಕೂಡಿ ಒಬ್ಬ ಸಲಹೆಗಾರರನ್ನು ನೇಮಿಸುವಾಗ ಎಲ್ಲರೂ ಆ ಹಣವನ್ನು ಒಂದೇ ಖಾತೆಗೆ ಹಾಕಿದರೆ ತೊಂದರೆ ತಪ್ಪಿದ್ದಲ್ಲ. ಕರಾರು ಬರೆಯುವ ಮೊದಲೇ ಲೆಕ್ಕಪರಿಶೋಧಕರನ್ನು ಕೇಳಿಕೊಳ್ಳಿ. ಖರೀದಿ ಮಾಡುವವರು ಜಿಲ್ಲಾ ಪಂಚಾಯಿತಿ ಅಥವಾ ಮಹಾನಗರ ಪಾಲಿಕೆಯಾಗಿದ್ದರೆ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮವೂ 2000ದ ನಿಯಮಗಳೂ ಅನ್ವಯಿಸುತ್ತವೆ. ಖಾಸಗಿ ಟ್ರಸ್ಟುಗಳು ತಮ್ಮ ಖರೀದಿ ನಿಯಮಗಳ ಜೊತೆಗೆ ದಾನಿಯ ಷರತ್ತುಗಳನ್ನೂ ಪಾಲಿಸಿದರೆ ಸಾಕಾಗುತ್ತದೆ, ಆದರೂ ಆ ಅಧಿನಿಯಮದ ಶಿಸ್ತನ್ನು ಅನುಸರಿಸಿದರೆ ನಷ್ಟವೇನೂ ಇಲ್ಲ.

ಕಾರ್ಯವ್ಯಾಪ್ತಿಯ ಪತ್ರ

ಸಲಹೆಗಾರರು ಏನು ಮಾಡಬೇಕು, ಏನು ಮಾಡಬಾರದು ಎಂದು ಬರೆದಿಡುವ ಈ ಪತ್ರ ನಾಲ್ಕೈದು ಪುಟ ಮೀರಬೇಕಿಲ್ಲ. ಈಗಿನ ಕಿರ್ದಿ, ಪಟ್ಟಿ, ಎಕ್ಸೆಲ್ ಕಡತಗಳನ್ನು ಪರಿಶೀಲಿಸಿ ವರದಿ ಕೊಡುವುದು. ಸಿಬ್ಬಂದಿ ಮತ್ತು ಫಲಾನುಭವಿಗಳೊಡನೆ ಮಾತನಾಡಿ ಅಗತ್ಯಗಳನ್ನು ಗುರುತಿಸುವುದು. ಹೊಸದಾಗಿ ಕಟ್ಟಿಸುವುದೋ, ಸಿದ್ಧ ತಂತ್ರಾಂಶ ಕೊಳ್ಳುವುದೋ, ಫಾರಂ ತುಂಬಿಸಿ ಮಾಹಿತಿ ಸಂಗ್ರಹಿಸುವ ಕೋಬೋ ಟೂಲ್‌ಬಾಕ್ಸ್‌ನಂಥ ಮುಕ್ತ ಸಾಧನವನ್ನು ಒಗ್ಗಿಸಿಕೊಳ್ಳುವುದೋ ಎಂದು ಐದು ವರ್ಷಗಳ ಪೂರ್ತಿ ವೆಚ್ಚದೊಡನೆ ಹೋಲಿಸಿ ತೋರಿಸುವುದು. ತಾಂತ್ರಿಕ ವಿವರಣೆ ಮತ್ತು ಟೆಂಡರ್ ದಾಖಲೆ ಬರೆಯುವುದು. ಬಂದ ಪ್ರಸ್ತಾವಗಳ ಮೌಲ್ಯಮಾಪನದಲ್ಲಿ ಸಮಿತಿಗೆ ನೆರವಾಗುವುದು. ಕೊನೆಗೆ ಒಪ್ಪಿಸಿದ ವ್ಯವಸ್ಥೆ ಒಪ್ಪಂದದಂತಿದೆಯೇ ಎಂದು ಪರೀಕ್ಷಿಸಿ ಬರೆದುಕೊಡುವುದು. ಇಷ್ಟು ಅದರಲ್ಲಿರಬೇಕು. ಅಂಕ ಹಾಕುವ ಮತ್ತು ಆಯ್ಕೆ ಮಾಡುವ ಅಧಿಕಾರ ಸಮಿತಿಯದೇ ಎಂಬ ಸಾಲನ್ನು ಮರೆಯದೆ ಸೇರಿಸಬೇಕು.

ಎಲ್ಲಕ್ಕಿಂತ ಮುಖ್ಯವಾದ ಷರತ್ತು ಹಿತಾಸಕ್ತಿಯದು. ನಾವು ಮೊದಲ ಸಲ ನೇಮಿಸಿಕೊಂಡಿದ್ದ ಸಲಹೆಗಾರರು ಬರೆದುಕೊಟ್ಟ ತಾಂತ್ರಿಕ ವಿವರಣೆಯಲ್ಲಿ, ವರದಿಗಳು ಹದಿನಾಲ್ಕು ಸಿದ್ಧ ನಮೂನೆಗಳಲ್ಲಿ ಇರತಕ್ಕದ್ದು ಎಂಬ ಸಾಲಿತ್ತು. ಹದಿನಾಲ್ಕೇ ಏಕೆ ಎಂದು ನಾವು ಯಾರೂ ಕೇಳಲಿಲ್ಲ. ಪ್ರಸ್ತಾವಗಳು ಬಂದ ಮೇಲೆ ನೋಡಿದರೆ ಆ ಹದಿನಾಲ್ಕು ನಮೂನೆಗಳಿದ್ದದ್ದು ಒಂದೇ ಕಂಪನಿಯ ಬಳಿ, ಮತ್ತು ಆ ಕಂಪನಿಯ ಪಾಲುದಾರರು ಸಲಹೆಗಾರರ ಹತ್ತಿರದ ಬಂಧು. ಇಡೀ ಪ್ರಕ್ರಿಯೆಯನ್ನು ರದ್ದು ಮಾಡಿ ಮೊದಲಿನಿಂದ ಆರಂಭಿಸಬೇಕಾಯಿತು, ಒಂದು ಮಳೆಗಾಲ ಕೈತಪ್ಪಿತು. ವಿವರಣೆ ಬರೆದವರು ಅದೇ ಸರಕನ್ನು ಪೂರೈಸುವಂತಿಲ್ಲ ಎಂಬ ನಿಯಮವನ್ನು ವಿಶ್ವ ಬ್ಯಾಂಕು ತನ್ನ ಹಣದ ಖರೀದಿಗಳಿಗೆ ಹಾಕಿರುವುದು ಇಂಥದ್ದನ್ನು ತಡೆಯಲೆಂದೇ. ಸಲಹೆಗಾರರು, ಅವರ ಸಂಸ್ಥೆ, ಅವರ ಬಂಧುಗಳು ಯಾವ ತಂತ್ರಾಂಶ ಕಂಪನಿಯಲ್ಲೂ ಪಾಲು, ಕಮಿಷನ್ ಅಥವಾ ನೌಕರಿ ಹೊಂದಿಲ್ಲ ಎಂಬ ಸಹಿ ಮಾಡಿದ ಘೋಷಣೆಯನ್ನು ಅರ್ಜಿಯ ಜೊತೆಗೇ ಪಡೆಯಿರಿ, ಸುಳ್ಳೆಂದು ತಿಳಿದರೆ ಕರಾರು ರದ್ದಾಗಿ ಶುಲ್ಕ ವಾಪಸಾಗುವಂತೆಯೂ ಬರೆಯಿರಿ.

ಆಯ್ಕೆ

ಬೆಂಗಳೂರಿನವರೇ ಆಗಬೇಕೆಂಬ ಹಠ ಬೇಡ. ಬೆಳಗಾವಿ, ಬಾಗಲಕೋಟೆಗಳ ಇಂಜಿನಿಯರಿಂಗ್ ಕಾಲೇಜುಗಳ ಹಿರಿಯ ಬೋಧಕರು, ನಿವೃತ್ತ ಖಜಾನೆ ಅಧಿಕಾರಿಗಳು ಅಥವಾ ಸರ್ಕಾರದ ಗಣಕ ವ್ಯವಸ್ಥೆಗಳನ್ನು ನೋಡಿಕೊಳ್ಳುವ ಎನ್‌ಐಸಿಯ ನಿವೃತ್ತ ಅಧಿಕಾರಿಗಳು, ದೊಡ್ಡ ಸೇವಾ ಸಂಸ್ಥೆಗಳಲ್ಲಿ ಲೆಕ್ಕ ನಡೆಸಿದವರು ನಮ್ಮಲ್ಲೇ ಸಿಗುತ್ತಾರೆ. ಜಾಹೀರಾತು ಕೊಟ್ಟು ಕನಿಷ್ಠ ಮೂರು ಅರ್ಜಿಗಳನ್ನು ಪಡೆದು, ಕೆಲಸದ ವಿವರ ಮತ್ತು ಶುಲ್ಕವನ್ನು ಎರಡು ಬೇರೆ ಲಕೋಟೆಗಳಲ್ಲಿ ತರಿಸಿಕೊಳ್ಳಿ. ಕೆಲಸದ ಲಕೋಟೆಗೆ ಅಂಕ ಹಾಕಿ ಮುಗಿಸುವವರೆಗೆ ಶುಲ್ಕದ ಲಕೋಟೆ ತೆರೆಯಬಾರದು.

ಗುಣಕ್ಕೆ ಎಷ್ಟು ತೂಕ, ದರಕ್ಕೆ ಎಷ್ಟು ತೂಕ ಎಂಬುದು ಫಲಿತಾಂಶವನ್ನೇ ಬದಲಿಸುತ್ತದೆ. ಒಬ್ಬರಿಗೆ ಕೆಲಸದಲ್ಲಿ 85 ಅಂಕ, ಶುಲ್ಕ 3 ಲಕ್ಷ. ಇನ್ನೊಬ್ಬರಿಗೆ 70 ಅಂಕ, ಶುಲ್ಕ 2 ಲಕ್ಷ ಎಂದಿಟ್ಟುಕೊಳ್ಳಿ. ಕಡಿಮೆ ದರದವರಿಗೆ ದರದಲ್ಲಿ 100 ಅಂಕ, ಮೊದಲನೆಯವರಿಗೆ ಅದೇ ಅನುಪಾತದಲ್ಲಿ 66.67. ಗುಣಕ್ಕೆ 80, ದರಕ್ಕೆ 20ರ ತೂಕ ಕೊಟ್ಟರೆ ಮೊದಲನೆಯವರು 81.33, ಎರಡನೆಯವರು 76 ಪಡೆಯುತ್ತಾರೆ. ಸಮ ತೂಕ ಕೊಟ್ಟರೆ ಮೊದಲನೆಯವರು 75.83ಕ್ಕೆ ಇಳಿದು ಎರಡನೆಯವರು 85ಕ್ಕೆ ಏರುತ್ತಾರೆ. ಸಲಹೆಯ ಕೆಲಸಕ್ಕೆ 80:20 ಸೂಕ್ತವೆಂದು ನಾನು ನಂಬಿದ್ದೇನೆ. ಯಾವ ತೂಕವೇ ಆಗಲಿ, ಅದನ್ನು ಜಾಹೀರಾತಿನಲ್ಲೇ ಪ್ರಕಟಿಸಿರಬೇಕು.

ಸಂದರ್ಶನದಲ್ಲಿ ಪ್ರಮಾಣಪತ್ರಗಳನ್ನು ನೋಡುವುದಕ್ಕಿಂತ ಒಂದು ಹಾಳೆಯನ್ನು ಕೈಗೆ ಕೊಡುವುದು ಮೇಲು. ನಾವು ಎರಡನೆಯ ಸಲ ಕೊಟ್ಟದ್ದು ನಮ್ಮದೇ ಕಿರ್ದಿಯ ಮಾದರಿಯಲ್ಲಿ ಹೆಸರು ಬದಲಿಸಿ ಸಿದ್ಧಪಡಿಸಿದ ಒಂದು ಪುಟ. ಅದರಲ್ಲಿ ಹಣಮಂತ, ಹನಮಂತ, ಹನುಮಂತಪ್ಪ ಎಂದು ಮೂರು ಸಾಲುಗಳಿದ್ದವು. ಮೂವರ ತಂದೆಯ ಹೆಸರೂ ಒಂದೇ, ಅಡ್ಡಹೆಸರು ಎರಡು ಸಾಲಿನಲ್ಲಿ ಮಾತ್ರ, ಪಡಿತರ ಚೀಟಿಯ ಸಂಖ್ಯೆ ಒಂದರಲ್ಲಿ ಮಾತ್ರ. ಜೊತೆಗೆ ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಅಕ್ಷರದಲ್ಲಿ ಬೆರಳಚ್ಚು ಮಾಡಿದ ಒಂದು ಕಡತವನ್ನು ಆ ಅಕ್ಷರವಿಲ್ಲದ ಗಣಕದಲ್ಲಿ ತೆರೆದು, ಕನ್ನಡವೆಲ್ಲ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುವಂತೆ ಇಟ್ಟಿದ್ದೆವು. ಒಬ್ಬ ಅಭ್ಯರ್ಥಿ ತಮ್ಮ ಹಿಂದಿನ ಯೋಜನೆಗಳ ಬಗ್ಗೆ ಅರ್ಧ ಗಂಟೆ ಮಾತನಾಡಿದರು. ಇನ್ನೊಬ್ಬರು ಹಾಳೆಯನ್ನು ಎರಡು ಸಲ ಓದಿ, “ಇವರು ಮೂವರೋ ಒಬ್ಬರೋ ಎಂದು ಊರಿನಲ್ಲಿ ಯಾರು ಹೇಳಬಲ್ಲರು, ಅವರನ್ನು ನಾನು ಭೇಟಿಯಾಗಬಹುದೇ?” ಎಂದು ಕೇಳಿದರು, ಕಡತವನ್ನು ನೋಡಿ, ಇದನ್ನು ಎಲ್ಲ ಗಣಕಗಳಲ್ಲೂ ಕಾಣುವ ಯೂನಿಕೋಡ್‌ಗೆ ಪರಿವರ್ತಿಸುವಾಗ ಒತ್ತಕ್ಷರಗಳನ್ನು ಕೈಯಿಂದ ತಾಳೆ ನೋಡಬೇಕಾಗುತ್ತದೆ, ಅದಕ್ಕೆ ದಿನಗಳನ್ನು ಮೀಸಲಿಡಿ ಎಂದರು. ಸಮಿತಿಗೆ ಮತ್ತೆ ಚರ್ಚಿಸುವ ಅಗತ್ಯ ಬೀಳಲಿಲ್ಲ.

ಅಭ್ಯರ್ಥಿಯಿಂದ ಹಿಂದೆ ಕೆಲಸ ಮಾಡಿಸಿಕೊಂಡ ಇಬ್ಬರಿಗಾದರೂ ಫೋನ್ ಮಾಡಿ, ಆ ಅಭ್ಯರ್ಥಿ ಕೊಳ್ಳಲು ಹೇಳಿದ ವ್ಯವಸ್ಥೆ ಈಗಲೂ ಬಳಕೆಯಲ್ಲಿದೆಯೇ ಎಂದು ಕೇಳಿ.

ಕರಾರು ಮತ್ತು ಕಂತುಗಳು

ತಿಂಗಳ ಸಂಬಳದಂತೆ ಶುಲ್ಕ ಕೊಡಬಾರದು, ಒಪ್ಪಿಸಿದ ಕೆಲಸಕ್ಕೆ ಕೊಡಬೇಕು. ಪ್ರಾರಂಭಿಕ ವರದಿಗೆ ಶೇ 10, ತಾಂತ್ರಿಕ ವಿವರಣೆಯನ್ನು ಸಮಿತಿ ಅಂಗೀಕರಿಸಿದಾಗ ಶೇ 25, ಮೌಲ್ಯಮಾಪನ ಮುಗಿದಾಗ ಶೇ 25, ತಂತ್ರಾಂಶದ ಪರೀಕ್ಷೆ ಮುಗಿದಾಗ ಶೇ 25, ಮೂರು ತಿಂಗಳ ಬಳಕೆಯ ನಂತರ ಉಳಿದ ಶೇ 15 ಎಂಬ ಹಂಚಿಕೆ ನಮಗೆ ಒಗ್ಗಿತು. ಜಿಎಸ್‌ಟಿ ಶುಲ್ಕದಲ್ಲಿ ಸೇರಿದೆಯೇ, ಮೂಲದಲ್ಲೇ ಹಿಡಿಯುವ ತೆರಿಗೆ (ಟಿಡಿಎಸ್) ಎಷ್ಟು, ಪ್ರಯಾಣದ ಖರ್ಚು ಯಾರದು ಎಂಬುದನ್ನು ಮೊದಲೇ ಬರೆದರೆ ಮುಂದೆ ಮನಸ್ತಾಪ ಬರುವುದಿಲ್ಲ.

ನದಿದಂಡೆಯ ಕನಿಷ್ಠ ನಾಲ್ಕು ಊರುಗಳಲ್ಲಿ ತಲಾ ಒಂದು ಪೂರ್ಣ ದಿನ ಇರತಕ್ಕದ್ದು ಎಂಬ ಷರತ್ತನ್ನು ನಾನು ಯಾವ ಕರಾರಿನಲ್ಲೂ ಬಿಡಲು ಒಪ್ಪುವುದಿಲ್ಲ. ಜಮಖಂಡಿಯ ಕಡೆ ಹೊಳೆ ಬಂದಾಗ ಕರೆಂಟ್ ಹೋಗಿ ಮೊಬೈಲ್ ಗೋಪುರ ನಿಂತ ಮೇಲೆ ಮಾಹಿತಿ ಹೇಗೆ ದಾಖಲಾಗುತ್ತದೆ ಎಂಬ ಪ್ರಶ್ನೆ ಕಚೇರಿಯಲ್ಲಿ ಕೂತವರಿಗೆ ಹೊಳೆಯುವುದು ಕಷ್ಟ. ನೆಟ್‌ವರ್ಕ್ ಇಲ್ಲದೆಯೂ ಫಾರಂ ತುಂಬಿ ನಂತರ ಕಳುಹಿಸುವ ಸೌಲಭ್ಯವನ್ನು ತಾಂತ್ರಿಕ ವಿವರಣೆಗೆ ಸೇರಿಸಿದವರು ನಮ್ಮ ಸಲಹೆಗಾರರು, ಅಂಥದ್ದೊಂದು ಊರಿನ ಶಾಲೆಯ ಕಟ್ಟೆಯ ಮೇಲೆ ಒಂದು ಮಧ್ಯಾಹ್ನ ಕೂತ ಮೇಲೆ. ಪಶ್ಚಿಮ ಘಟ್ಟದಲ್ಲಿ ಮಳೆ ಜೋರಾಗಿ ಜುಲೈ, ಆಗಸ್ಟ್‌ನಲ್ಲಿ ನದಿಗಳು ಏರುವುದರಿಂದ, ಪರೀಕ್ಷೆಯ ಹಂತ ಮೇ ತಿಂಗಳೊಳಗೆ ಮುಗಿಯುವಂತೆ ದಿನಾಂಕಗಳನ್ನು ಹಿಂದಿನಿಂದ ಎಣಿಸಿಕೊಂಡು ಬನ್ನಿ.

ಫಲಾನುಭವಿಗಳ ಮಾಹಿತಿಯನ್ನು ಸಲಹೆಗಾರರ ಕೈಗೆ ಕೊಡುವಾಗ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ನೆನಪಿನಲ್ಲಿಡಬೇಕು. ಆಧಾರ್ ಮತ್ತು ಬ್ಯಾಂಕ್ ಖಾತೆಯ ಸಂಖ್ಯೆ ತೆಗೆದ ಇನ್ನೂರು ಸಾಲುಗಳ ಮಾದರಿ ಅವರ ಕೆಲಸಕ್ಕೆ ಸಾಕು. ಗೋಪ್ಯತೆಯ ಷರತ್ತು, ಕೆಲಸ ಮುಗಿದ ಮೇಲೆ ಪ್ರತಿಗಳನ್ನು ಅಳಿಸಿದ ಬಗ್ಗೆ ಲಿಖಿತ ದೃಢೀಕರಣ, ಎರಡೂ ಕರಾರಿನಲ್ಲಿರಲಿ.

ಕೊನೆಯ ಶೇ 15ನ್ನು ಬಿಡುಗಡೆ ಮಾಡುವ ದಿನ ನಿಮ್ಮ ಸಂಸ್ಥೆಯ ತಾಲ್ಲೂಕು ಕಚೇರಿಯಲ್ಲಿ ಲೆಕ್ಕ ಬರೆಯುವ ಸಿಬ್ಬಂದಿಯನ್ನು ಕರೆಸಿ, ಯಾರ ಸಹಾಯವೂ ಇಲ್ಲದೆ ಒಂದು ಊರಿನ ನೆರವಿನ ಪಟ್ಟಿಯನ್ನು ಕನ್ನಡದಲ್ಲಿ ಮುದ್ರಿಸಿ ತೆಗೆಯಲು ಹೇಳಿ. ವ್ಯವಸ್ಥೆಯ ಮುಖ್ಯ ಪಾಸ್‌ವರ್ಡ್ ಮತ್ತು ಸರ್ವರ್ ಖಾತೆ ಸಂಸ್ಥೆಯ ಹೆಸರಿನಲ್ಲಿವೆಯೇ ಎಂದು ಕಾರ್ಯದರ್ಶಿಗಳು ತಾವೇ ಒಳಹೊಕ್ಕು ನೋಡಲಿ. ಇವೆರಡೂ ಆದ ಮೇಲೆ ಚೆಕ್ಕಿಗೆ ಸಹಿ ಮಾಡಬಹುದು.